ಹೊಲಿಗೆ ಪ್ರಶ್ನೋತ್ತರ: ಹಳೆಯ ಯುರೋಪಿನ ಉಡುಪು, ನಮ್ಮ ಸೂಜಿ-ದಾರ

ಪ್ರಶ್ನೆ: ನನ್ನ ಮಗಳು ಅಮೆರಿಕದ ಹ್ಯೂಸ್ಟನ್ ನಗರದಲ್ಲಿದ್ದಾಳೆ. ಅಲ್ಲಿಗೆ ಹತ್ತಿರದಲ್ಲಿ ಪ್ರತಿ ವರ್ಷ ಅಕ್ಟೋಬರ್, ನವೆಂಬರ್ ತಿಂಗಳ ವಾರಾಂತ್ಯಗಳಲ್ಲಿ ‘ಟೆಕ್ಸಾಸ್ ರಿನೈಸಾನ್ಸ್ ಫೆಸ್ಟಿವಲ್’ ಎಂಬ ದೊಡ್ಡ ಜಾತ್ರೆ ನಡೆಯುತ್ತದಂತೆ. ಬಹಳಷ್ಟು ಜನ ನಾನೂರೈವತ್ತು ವರ್ಷ ಹಿಂದಿನ ಉಡುಪು ತೊಟ್ಟು ಬರುತ್ತಾರಂತೆ. ಸಿದ್ಧ ಉಡುಪಿನ ಬೆಲೆ ಕೇಳಿ ಅವಳು ‘ಅಮ್ಮ, ನೀನೇ ಹೊಲಿದು ಕಳಿಸು’ ಎಂದಿದ್ದಾಳೆ. ರವಿಕೆ, ಲಂಗ, ಚೂಡಿದಾರ್ ಹೊಲಿದು ನನಗೆ ಮೂವತ್ತು ವರ್ಷದ ಅಭ್ಯಾಸವಿದೆ. ಆದರೆ ಅವಳು ಕಳಿಸಿದ ಎಲಿಜಬೆತ್ ರಾಣಿಯ ಚಿತ್ರ ನೋಡಿದ ಮೇಲೆ ಕೈಯೇ ಓಡುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಆ ರಾಣಿಯ ಚಿತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅಂಥ ಉಡುಪು ಒಬ್ಬರ ಕೈಯಲ್ಲಿ ಆದದ್ದಲ್ಲ; ದರ್ಜಿಗಳು, ಕಸೂತಿಯವರು, ರೇಷ್ಮೆ ಕೆಲಸದವರು ಕೂಡಿ ಮಾಡಿದ್ದು. ಮೊದಲ ಪ್ರಯತ್ನಕ್ಕೇ ಅದನ್ನು ಹಿಡಿದರೆ ಹೊಳೆಯುವ ನಾಟಕದ ಪೋಷಾಕು ಸಿದ್ಧವಾಗುತ್ತದೆಯೇ ಹೊರತು ಆ ಕಾಲದ ಉಡುಪು ಆಗುವುದಿಲ್ಲ. ಅದರ ಬದಲು ಸಂತೆಯಲ್ಲಿ ತರಕಾರಿ ಮಾರುವ ಹೆಂಗಸಿನ ಉಡುಪನ್ನು ಹೊಲಿಯಿರಿ. ಈಗಿನ ಬೆಲ್ಜಿಯಂನ ಆಂಟ್ವರ್ಪ್ ನಗರದ ಕಲಾವಿದ ಯೋಕಿಮ್ ಬ್ಯೂಕೆಲಾರ್ 1569–70ರಲ್ಲಿ ಬರೆದ ನಾಲ್ಕು ದೊಡ್ಡ ಚಿತ್ರಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಅವುಗಳ ಪಡಿಯಚ್ಚುಗಳನ್ನು ಮಗಳಿಂದ ತರಿಸಿಕೊಂಡು ನೋಡಿ. ಕೋಸು, ಗಜ್ಜರಿ, ಮೀನು, ಕೋಳಿಗಳ ರಾಶಿಯ ನಡುವೆ ನಿಂತ ಆ ಹೆಂಗಸರನ್ನು ಕಂಡಾಗ ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಬೆಳಗಿನ ವ್ಯಾಪಾರಕ್ಕೆ ಕುಳಿತವರೇ ನೆನಪಾಗುತ್ತಾರೆ. ಮೇಲಕ್ಕೇರಿಸಿದ ತೋಳು, ಮೈಗೆ ಬಿಗಿದ ಕುಪ್ಪಸ, ನೆರಿಗೆಯ ಲಂಗ, ಸೊಂಟಕ್ಕೆ ಏಪ್ರನ್, ತಲೆಗೆ ಬಿಳಿಯ ಬಟ್ಟೆ: ನಿಮ್ಮ ಮಗಳಿಗೆ ಬೇಕಾದದ್ದು ಇಷ್ಟೇ. ಆ ಜಾತ್ರೆಗಳು ಬಹುಮಟ್ಟಿಗೆ ಒಂದನೇ ಎಲಿಜಬೆತ್ ಆಳಿದ 1558ರಿಂದ 1603ರವರೆಗಿನ ಇಂಗ್ಲೆಂಡನ್ನು ನೆನಪಿಸುವಂಥವು. ಆಂಟ್ವರ್ಪಿನ ಸುತ್ತಲಿನ ಫ್ಲಾಂಡರ್ಸ್ ಸೀಮೆಯಿಂದ ವಲಸೆ ಬಂದ ಅನೇಕ ಕುಟುಂಬಗಳು ಆಗಿನ ಲಂಡನ್ನಿನಲ್ಲಿ ಇದ್ದುದರಿಂದ ಆಂಟ್ವರ್ಪಿನ ಉಡುಪು ಅಲ್ಲಿ ಹೊರಗಿನದಾಗಿ ಕಾಣುವುದಿಲ್ಲ.

ಒಳಗಿನಿಂದ ಹೊರಕ್ಕೆ ಹೊಲಿಯುತ್ತ ಬನ್ನಿ. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೊಂದೇ. ಹೊರಗಿನ ಬಟ್ಟೆಯ ಅಂದಕ್ಕೆ ಮನಸೋತು ಒಳಂಗಿಯನ್ನು ಬಿಟ್ಟವರ ಉಡುಪು ಎಷ್ಟು ಖರ್ಚು ಮಾಡಿದರೂ ಸರಿಯಾಗಿ ಕೂರದು. ‘ಸ್ಮಾಕ್’ ಎನ್ನುವ ಆ ಒಳಂಗಿಯೇ ಬೆವರನ್ನು ಹೀರುತ್ತದೆ, ಹೊರ ಉಡುಪನ್ನು ಕೊಳೆಯಾಗದಂತೆ ಕಾಯುತ್ತದೆ, ಕುತ್ತಿಗೆ ಮತ್ತು ಮುಂಗೈಯಲ್ಲಿ ಬೆಳ್ಳಗೆ ಇಣುಕಿ ಚಂದವನ್ನೂ ಕೊಡುತ್ತದೆ. ಇದರ ಕತ್ತರಿಕೆ ನಿಮಗೆ ಹೊಸದಲ್ಲ, ನಮ್ಮ ಹಳೆಯ ಜುಬ್ಬದ ಕತ್ತರಿಕೆಯೇ: ಮುಂದೆ ಹಿಂದೆ ಸೇರಿ ಒಂದೇ ಉದ್ದದ ತುಂಡು, ತೋಳಿಗೆ ಎರಡು ಚೌಕ, ಪಕ್ಕಗಳಿಗೆ ನಾಲ್ಕು ತ್ರಿಕೋನ, ಕಂಕುಳಿಗೆ ಎರಡು ಪುಟ್ಟ ಚೌಕ. 36 ಇಂಚು ಪನ್ನದ ಬಟ್ಟೆಯಲ್ಲಿ ಮೈಯ ತುಂಡನ್ನು 26 ಇಂಚು ಅಗಲ, 84 ಇಂಚು ಉದ್ದಕ್ಕೆ ಕತ್ತರಿಸಿದರೆ ಪಕ್ಕದಲ್ಲಿ ಉಳಿಯುವ 10 ಇಂಚಿನ ಪಟ್ಟಿಯಲ್ಲೇ ತ್ರಿಕೋನಗಳೂ ಕಂಕುಳಿನ ಚೌಕಗಳೂ ಹೊರಡುತ್ತವೆ. ತೋಳಿಗೆ ಇನ್ನೊಂದು 22 ಇಂಚು ಸಾಕು. ಒಗೆದಾಗ ಕುಗ್ಗುವುದನ್ನು ಸೇರಿಸಿ 3 ಮೀಟರ್ ತನ್ನಿ. ಬಟ್ಟೆ ದುಬಾರಿಯಾಗಿದ್ದ ಕಾಲವದು, ಅಂಗೈಯಗಲದ ಚೂರನ್ನೂ ಎಸೆಯುತ್ತಿರಲಿಲ್ಲ. 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ವಾನ್ ದೆ ಅಲ್ಸೆಗ ಎಂಬ ದರ್ಜಿ ಅಚ್ಚು ಹಾಕಿಸಿದ ಕತ್ತರಿಕೆಯ ಪುಸ್ತಕದಲ್ಲಿಯೂ ಬಟ್ಟೆ ಪೋಲಾಗದಂತೆ ತುಂಡುಗಳನ್ನು ಹೊಂದಿಸುವುದೇ ದೊಡ್ಡ ವಿದ್ಯೆ.

ಬಟ್ಟೆಯ ವಿಷಯ. ಅವರ ಒಳಂಗಿ ಲಿನನ್‌ನದು, ಅಂದರೆ ಉತ್ತರ ಕರ್ನಾಟಕದವರು ಬೀಜದಿಂದ ಚಟ್ನಿಪುಡಿ ಮಾಡುವ ಆ ಅಗಸೆ ಗಿಡದ ನಾರಿನದು. ಶುದ್ಧ ಲಿನನ್ ಸಿಕ್ಕಿದರೆ ಒಳ್ಳೆಯದು. ಬೆಲೆ ಹೆಚ್ಚೆನಿಸಿದರೆ ಮೇಲುಕೋಟೆಯ ಕೈಮಗ್ಗದ ಹತ್ತಿಯನ್ನೋ ಬದನವಾಳಿನ ಖಾದಿಯನ್ನೋ ಧಾರಾಳವಾಗಿ ಬಳಸಿ. ಕೈನೂಲಿನ ಏರುಪೇರು ಲಿನನ್ನಿನ ಮೈಗೆ ಬಹಳ ಹತ್ತಿರ. ಮಿಲ್ಲಿನ ಪಾಲಿಯೆಸ್ಟರ್ ಮಿಶ್ರಣ ಮಾತ್ರ ಬೇಡವೇ ಬೇಡ. ಹ್ಯೂಸ್ಟನ್ ಕಡೆ ಅಕ್ಟೋಬರಿನಲ್ಲಿಯೂ ಒಳ್ಳೆಯ ಬಿಸಿಲಿರುತ್ತದೆ, ನಿಮ್ಮ ಮಗಳು ದಿನವಿಡೀ ಬಯಲಿನಲ್ಲಿ ಓಡಾಡಬೇಕು. ಹಿಂದೊಮ್ಮೆ ಇಲ್ಲಿನ ಕಾಲೇಜೊಂದರ ನಾಟಕಕ್ಕೆ ನಾನು ಪಾಲಿಯೆಸ್ಟರ್ ಮಖಮಲ್ಲಿನಲ್ಲಿ ನಿಲುವಂಗಿ ಹೊಲಿದು, ಎರಡನೇ ಅಂಕದ ಹೊತ್ತಿಗೆ ಆ ಹುಡುಗಿ ಸೆಕೆಗೆ ತಲೆ ಸುತ್ತಿ ಕುಳಿತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ತಪ್ಪು ನನ್ನದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ‘ಕರ್ಟಲ್’, ಎಂದರೆ ಕುಪ್ಪಸವೂ ಲಂಗವೂ ಸೊಂಟದಲ್ಲಿ ಕೂಡಿದ ಉಡುಪು. ನಿಮ್ಮ ಮೂವತ್ತು ವರ್ಷದ ಕೈಯನ್ನು ಸ್ವಲ್ಪ ತಡೆದು ಹಿಡಿಯಬೇಕಾದದ್ದು ಇಲ್ಲಿ. ನಾವು ರವಿಕೆಗೆ ಯೋಚನೆಯೇ ಇಲ್ಲದೆ ಎದೆಯ ಕೆಳಗೆ ಟಕ್ಸ್ ಹಿಡಿಯುತ್ತೇವೆ. ಆ ಕಾಲದವರು ಹಿಡಿಯುತ್ತಿರಲಿಲ್ಲ. ಮುಂಭಾಗದ ಅಂಚನ್ನು ತುಸು ಬಾಗಿಸಿ ಕತ್ತರಿಸಿ, ಒಳಗೆ ಗಟ್ಟಿ ಅಸ್ತರ್ ಕೊಟ್ಟು, ಲಾಡಿಯಿಂದ ಬಿಗಿದು ಆಕಾರ ತರುತ್ತಿದ್ದರು; ಎದೆ ಉಬ್ಬಿ ಕಾಣುವ ಬದಲು ನಯವಾಗಿ ಒತ್ತಿದಂತೆ ಕಾಣುತ್ತಿತ್ತು. ಭುಜದ ಹೊಲಿಗೆ ಕೂಡ ಹೆಗಲ ನೆತ್ತಿಯ ಮೇಲಲ್ಲ, ಒಂದೂವರೆ ಇಂಚು ಹಿಂದಕ್ಕೆ ಬರಬೇಕು. ಪಕ್ಕದ ಹೊಲಿಗೆ ಸೊಂಟದತ್ತ ಇಳಿಯುತ್ತ ಬೆನ್ನಿನ ಕಡೆಗೆ ವಾಲಬೇಕು. ಈ ಎರಡು ಗೆರೆ ಸರಿಯಾದರೆ, ಬಣ್ಣ ಯಾವುದಿದ್ದರೂ ಬೆನ್ನಿನಿಂದ ನೋಡಿದವರಿಗೂ ಉಡುಪಿನ ಕಾಲ ತಿಳಿಯುತ್ತದೆ.

ಗಟ್ಟಿ ಅಸ್ತರಿಗೆ ರವಿಕೆಯ ಬಕ್ರಂ ಬೇಡ. ಬೆವರಿಗೆ ಅದರ ಗಂಜಿ ಕರಗಿ ಮಧ್ಯಾಹ್ನದೊಳಗೆ ಮೆತ್ತಗಾಗುತ್ತದೆ. ಚೀಲ ಹೊಲಿಯುವ ದಪ್ಪ ಗಾಡಾ ಬಟ್ಟೆಯನ್ನು ಎರಡು ಪದರ ಇಟ್ಟು, ಅರ್ಧರ್ಧ ಇಂಚಿಗೊಂದು ಸಾಲು ಹೊಲಿಗೆ ಹಾಕಿ. ಕೆಲಸದ ಹೆಂಗಸಿನ ಕುಪ್ಪಸಕ್ಕೆ ಅಷ್ಟು ಬಿಗುವು ಸಾಕು, ಒಳಗೆ ಕಡ್ಡಿಗಳ ಸಾಲು ಬೇಕಿಲ್ಲ. ಮುಂಭಾಗದ ಎರಡು ಅಂಚು ಸುಕ್ಕುಗಟ್ಟದಿರಲು ಮಾತ್ರ ಒಂದೊಂದು ಕಡ್ಡಿ ಕೂರಿಸಬಹುದು. ಅವರು ಒಣಗಿದ ಜೊಂಡಿನ ಕಡ್ಡಿಗಳನ್ನು ಕಂತೆ ಮಾಡಿ ತುಂಬುತ್ತಿದ್ದುದುಂಟು. ನಾನು ತೆಂಗಿನ ಪೊರಕೆಯ ಕಡ್ಡಿಗಳನ್ನು ನಾಲ್ಕು ನಾಲ್ಕು ಸೇರಿಸಿ ನೋಡಿದೆ. ನಿಂತಿರುವಷ್ಟು ಹೊತ್ತು ಚೆನ್ನಾಗಿತ್ತು, ಕುಳಿತಾಗ ಸೊಂಟದ ಬಳಿ ಮುರಿಯಿತು. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಗಲವಾದ ಪ್ಲಾಸ್ಟಿಕ್ ಕೇಬಲ್ ಟೈ ಕತ್ತರಿಸಿ, ತುದಿಗಳನ್ನು ಉಜ್ಜಿ ದುಂಡಗೆ ಮಾಡಿ ಹಾಕಿ. ಅದು ಮುರಿಯುವುದಿಲ್ಲ, ಹೊರಗೆ ಕಾಣುವುದೂ ಇಲ್ಲ.

ಮಗಳು ಎದುರಿಗಿಲ್ಲದೆ ಅಳತೆ ಹೇಗೆ ಎಂದು ನೀವು ಕೇಳಿಲ್ಲ, ಆದರೂ ಆ ಚಿಂತೆ ಇದ್ದೇ ಇರುತ್ತದೆ. ಲಾಡಿಯ ಕುಪ್ಪಸದಲ್ಲಿ ಇದಕ್ಕೆ ದಾರಿ ಇದೆ. ಎದೆ ಮತ್ತು ಸೊಂಟದ ಸುತ್ತಳತೆಗಿಂತ 2 ಇಂಚು ಕಡಿಮೆ ಇಟ್ಟು ಹೊಲಿಯಿರಿ. ಲಾಡಿ ಬಿಗಿದಾಗ ಮುಂದೆ 2 ಇಂಚಿನ ಸಂದು ಉಳಿದು ಒಳಂಗಿ ಕಾಣುತ್ತದೆ. ಅಳತೆಯಲ್ಲಿ ಒಂದಿಂಚು ಹೆಚ್ಚುಕಡಿಮೆಯಾದರೂ ಆ ಸಂದು ನುಂಗಿಕೊಳ್ಳುತ್ತದೆ. ಅಳತೆಯನ್ನು ತೆಳುವಾದ ಬಟ್ಟೆಯ ಮೇಲೆ ತೆಗೆಯಲು ಹೇಳಿ, ಕತ್ತಿನ ಹಿಂದಿನ ಮೂಳೆಯಿಂದ ಸೊಂಟದವರೆಗಿನ ಉದ್ದವನ್ನು ಎರಡು ಬಾರಿ ಕೇಳಿ ಬರೆದುಕೊಳ್ಳಿ. ಸುತ್ತಳತೆಯನ್ನು ಲಾಡಿ ಸರಿಮಾಡುತ್ತದೆ, ಉದ್ದವನ್ನು ಮಾಡುವುದಿಲ್ಲ. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕೋರಾ ಬಟ್ಟೆಯಲ್ಲಿ ಕುಪ್ಪಸ ಮಾತ್ರ ಹೊಲಿದು, ಊರಿನಿಂದ ಹೊರಡುವ ಯಾರ ಕೈಯಲ್ಲಾದರೂ ಕಳಿಸಿ, ಅವಳು ತೊಟ್ಟು ತೆಗೆದ ಫೋಟೋ ನೋಡಿ ತಿದ್ದಿಕೊಳ್ಳಿ.

ಲಾಡಿಯ ತೂತುಗಳಿಗೆ ಲೋಹದ ಐಲೆಟ್ ಹಾಕಿಸಬೇಡಿ. ಅವು 19ನೇ ಶತಮಾನದವು. ಕೈಯಲ್ಲಿ ಹೊಲಿದ ತೂತುಗಳೇ ಆಗಬೇಕು, ಮತ್ತು ಅದಕ್ಕೆ ನಮ್ಮ ದಬ್ಬಳಕ್ಕಿಂತ ಒಳ್ಳೆಯ ಸಾಧನವಿಲ್ಲ. ಮೊದಲ ಬಾರಿ ನಾನು ಕತ್ತರಿಯ ತುದಿಯಿಂದ ಕುಯ್ದು ಸುತ್ತ ಹೊಲಿದಿದ್ದೆ. ಎರಡನೆಯ ಸಲ ಲಾಡಿ ಎಳೆಯುವಾಗಲೇ ತೂತುಗಳು ಒಂದೊಂದಾಗಿ ಕಿತ್ತುಬಂದವು, ಏಕೆಂದರೆ ಎಳೆಗಳು ಕತ್ತರಿಸಿಹೋಗಿದ್ದವು. ದಬ್ಬಳ ಎಳೆಗಳನ್ನು ಕತ್ತರಿಸುವುದಿಲ್ಲ, ಪಕ್ಕಕ್ಕೆ ಸರಿಸುತ್ತದೆ. ಚುಚ್ಚಿ, ನಿಧಾನವಾಗಿ ತಿರುಗಿಸುತ್ತ ಪೆನ್ಸಿಲ್ಲಿನ ದಪ್ಪಕ್ಕೆ ಅಗಲಿಸಿ. ಜೇನುಮೇಣ ಸವರಿದ ಜೋಡಿ ದಾರದಿಂದ ಸುತ್ತಲೂ ಒತ್ತೊತ್ತಾಗಿ ಸುತ್ತುಹೊಲಿಗೆ ಹಾಕಿ, ಪ್ರತಿ ಸುತ್ತಿಗೂ ದಾರವನ್ನು ಹೊರಮುಖವಾಗಿ ಎಳೆಯಿರಿ. ನಡುವೆ ತೂತು ಮುಚ್ಚಿಕೊಳ್ಳುತ್ತ ಬಂದರೆ ಮತ್ತೊಮ್ಮೆ ದಬ್ಬಳ ಆಡಿಸಿ. ಒಂದೊಂದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಅಂಚಿಗೊಂದು ಹನ್ನೆರಡರಂತೆ ಇಪ್ಪತ್ತನಾಲ್ಕು ತೂತುಗಳೆಂದರೆ ನಾಲ್ಕು ಸಂಜೆಯ ಕೆಲಸ. ಸಿನಿಮಾಗಳಲ್ಲಿ ಕಾಣುವ, ಷೂ ಲೇಸಿನಂತೆ ಗುಣಿಸು ಗುರುತಾಗಿ ಹಾಯುವ ಲಾಡಿ ಇದಕ್ಕೆ ಹೊಂದುವುದಿಲ್ಲ. ಆಗ ಸಾಮಾನ್ಯವಾಗಿ ಒಂದೇ ಲಾಡಿಯನ್ನು ಕೆಳಗೆ ಗಂಟು ಹಾಕಿ, ಸುರುಳಿಯಾಗಿ ಮೇಲಕ್ಕೆ ಏರಿಸುತ್ತಿದ್ದರು. ಅದಕ್ಕಾಗಿ ತೂತುಗಳು ಎರಡು ಕಡೆ ಎದುರುಬದುರಾಗಿ ಇರಬಾರದು; ಕೆಳಗಿನ ಮತ್ತು ಮೇಲಿನ ಒಂದು ಜೋಡಿ ಬಿಟ್ಟು ಉಳಿದವು ಒಂದು ಪಕ್ಕದಲ್ಲಿ ಅರ್ಧ ಇಂಚು ಸರಿದಿರಬೇಕು. ಎದುರುಬದುರು ಇಟ್ಟರೆ ಲಾಡಿ ಬಿಗಿದಾಗ ಒಂದು ಅಂಚು ಮೇಲೆ, ಒಂದು ಕೆಳಗೆ ಜಾರುತ್ತದೆ.

ಲಂಗದ ಮಾತು ಹೆಚ್ಚು ಬೇಕಿಲ್ಲ, ನಿಮಗೆ ಬಲ್ಲ ಕೆಲಸವದು. ಮೂರು ಪನ್ನ ಕೂಡಿಸಿ, ಸುಮಾರು 3 ಮೀಟರ್ ಸುತ್ತಳತೆ ಬರಲಿ. ಉದ್ದ ಪಾದದ ಗಂಟಿಗೆ ನಿಲ್ಲಲಿ, ನೆಲ ಗುಡಿಸುವುದು ಬೇಡ, ಜಾತ್ರೆಯ ಬಯಲು ಮಣ್ಣಿನದು. ಕುಪ್ಪಸ, ಲಂಗ, ಬೇರೆಯಾಗಿ ಕಟ್ಟುವ ತೋಳು ಎಲ್ಲ ಸೇರಿ 36 ಇಂಚಿನ ಪನ್ನದಲ್ಲಿ 6 ಮೀಟರ್ ಬೇಕಾಗುತ್ತದೆ. ತೋಳನ್ನು ಹೊಲಿಯದೆ, ಭುಜದಲ್ಲಿ ಎರಡು ಮೂರು ಕಡೆ ಲಾಡಿಯಿಂದ ಕಟ್ಟುವಂತೆ ಮಾಡಿ; ಬಿಸಿಲೇರಿದಾಗ ಅವಳು ಬಿಚ್ಚಿ ಚೀಲದಲ್ಲಿ ಇಟ್ಟುಕೊಳ್ಳಬಹುದು. ಬಣ್ಣಕ್ಕೆ ಮಂಜಿಷ್ಠದ ಕೆಂಪು, ನೀಲಿ ಗಿಡದ ನೀಲಿ ಎರಡೂ ಒಪ್ಪುತ್ತವೆ. ಅವರ ಕೆಂಪು ನಮ್ಮ ಮಂಜಿಷ್ಠದ ಹತ್ತಿರದ ನೆಂಟನಾದ ಮ್ಯಾಡರ್ ಬೇರಿನದು. ಅವರ ವೋಡ್ ಸೊಪ್ಪಿನ ನೀಲಿಯಲ್ಲಿರುವ ಬಣ್ಣದ ಅಂಶ ನಮ್ಮ ನೀಲಿ ಗಿಡದಲ್ಲಿರುವುದೇ. ಅರಿಸಿನದಲ್ಲಿ ಅದ್ದುವ ಆಸೆ ಬಂದರೆ ತಡೆಯಿರಿ, ಒಂದು ದಿನದ ಬಿಸಿಲಿಗೆ ಮಂಕಾಗುತ್ತದೆ. ನೇರಳೆ ರೇಷ್ಮೆಯಂತೂ ಸಂತೆಯ ಹೆಂಗಸಿಗೆ ಸಲ್ಲದು. ಇಂಗ್ಲೆಂಡಿನ 1574ರ ರಾಜಾಜ್ಞೆ ಅದನ್ನು ರಾಜಮನೆತನಕ್ಕೆ ಮತ್ತು ಅದಕ್ಕೆ ತೀರ ಸಮೀಪದ ಕೆಲವರಿಗೆ ಮೀಸಲಿಟ್ಟಿತ್ತು.

ಪ್ರಶ್ನೆ: ಅತ್ತೆಯವರ ಹಳೆಯ ಮೈಸೂರು ರೇಷ್ಮೆ ಸೀರೆಯೊಂದು ಮಡಿಕೆಯಲ್ಲೇ ಇದೆ. ನನ್ನ ತಂಗಿಗೆ ಇಂಥದೇ ಜಾತ್ರೆಗೆ ನಿಲುವಂಗಿ ಹೊಲಿಯಲು ಅದನ್ನು ಕತ್ತರಿಸಬಹುದೇ?
– ಓದುಗರು, ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಮೈಸೂರು ರೇಷ್ಮೆ ಕ್ರೇಪ್ ನೇಯ್ಗೆಯದು; ಮೈಗೆ ಹರಿದಂತೆ ಇಳಿಯುವುದೇ ಅದರ ಗುಣ. ಆ ಕಾಲದ ಸಿರಿವಂತರ ನಿಲುವಂಗಿಗೆ ಬೇಕಾದದ್ದು ತಾನೇ ಮಡಿಕೆಯಾಗಿ ನಿಲ್ಲುವ ದಪ್ಪ ರೇಷ್ಮೆ, ಮಖಮಲ್ಲು ಅಥವಾ ಬೂಟಿಯ ಜರಿಬಟ್ಟೆ. ಸೀರೆ ಹಾಳಾಗುತ್ತದೆ, ನಿಲುವಂಗಿಯೂ ಜೋತು ಬೀಳುತ್ತದೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ನಮ್ಮ ನೇಯ್ಗೆ ಕಾರ್ಖಾನೆಯ ಸೀರೆಯಾಗಿದ್ದರೆ ಅದರ ಅಂಚಿನ ಜರಿಯಲ್ಲಿ ಚಿನ್ನ ಬೆಳ್ಳಿ ಇದೆ. ಮಡಿಕೆಯನ್ನು ಬದಲಿಸಿ, ತೆಳು ಹತ್ತಿಬಟ್ಟೆಯಲ್ಲಿ ಸುತ್ತಿಡಿ. ತಂಗಿ ಅದನ್ನು ಸೀರೆಯಾಗಿಯೇ ಉಡಲಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಓದಲು ಷಿಕಾಗೊಗೆ ಹೋಗುತ್ತಿದ್ದೇನೆ. ಅಲ್ಲಿಗೆ ಸಮೀಪದ ವಿಸ್ಕಾನ್ಸಿನ್ ಗಡಿಯ ಬ್ರಿಸ್ಟಲ್‌ನಲ್ಲಿ ಬೇಸಿಗೆಯ ರಿನೈಸಾನ್ಸ್ ಜಾತ್ರೆ ಇರುತ್ತದೆ, ಸೆಪ್ಟೆಂಬರ್ ಆರಂಭದವರೆಗೂ ನಡೆಯುತ್ತದೆ ಎಂದು ಸೀನಿಯರ್ ಒಬ್ಬರು ಹೇಳಿದರು. ಗಂಡಸರ ಉಡುಪನ್ನು ಕಡಿಮೆ ಖರ್ಚಿನಲ್ಲಿ ಇಲ್ಲೇ ಹೊಲಿಸಿಕೊಂಡು ಹೋಗಬಹುದೇ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಹೋಗಬಹುದು. ತೋಳುಳ್ಳ, ಹತ್ತಿ ತುಂಬಿದ ‘ಡಬ್ಲೆಟ್’ ಎಂಬ ಮೇಲಂಗಿಗೆ ಈಗ ಕೈ ಹಾಕಬೇಡಿ; ಅದರ ಕಂಕುಳು ಮತ್ತು ಕಾಲರ್ ಕೂರಿಸುವುದು ಪಳಗಿದ ಕೋಟ್ ಟೈಲರಿಗೂ ಎರಡು ಮೂರು ಸಲದ ಪ್ರಯತ್ನ. ಒಂದು ಸಡಿಲ ಅಂಗಿ, ಅದರ ಮೇಲೆ ತೋಳಿಲ್ಲದ ‘ಜರ್ಕಿನ್’, ಮೊಣಕಾಲಿನ ಕೆಳಗೆ ಕಟ್ಟುವ ಅಗಲ ಚಡ್ಡಿ, ಉದ್ದ ಕಾಲುಚೀಲ, ಒಂದು ಟೋಪಿ ಇದ್ದರೆ ದುಡಿಯುವ ಗಂಡಸಿನ ಉಡುಪು ಪೂರ್ತಿಯಾಯಿತು. ಅಂಗಿಗೆ ಮೇಲೆ ಹೇಳಿದ ಒಳಂಗಿಯ ಕತ್ತರಿಕೆಯೇ ಸಾಕು, ಉದ್ದ ತೊಡೆಯವರೆಗೆ ಇರಲಿ, ಕತ್ತಿಗೂ ಮುಂಗೈಗೂ ಪಟ್ಟಿ ಕೊಟ್ಟು ಲಾಡಿ ಹಾಕಿಸಿ.

ಜರ್ಕಿನ್‌ಗೆ ಮನೆಯಲ್ಲಿ ತಂದೆಯವರದೋ ತಾತನದೋ ಹಳೆಯ ಉಣ್ಣೆಯ ಕೋಟಿದ್ದರೆ ಬಿಚ್ಚಿಸಿ ಬಳಸಿ. ಅಂಗಡಿಯ ಹೊಸ ಬಟ್ಟೆಗಿಂತ ಅದು ಎಷ್ಟೋ ಮೇಲು. ಚರ್ಮದಂತೆ ಕಾಣಲೆಂದು ರೆಕ್ಸಿನ್ ತರಬೇಡಿ, ಬಿಸಿಲಿನಲ್ಲಿ ಮೈ ಬೇಯುತ್ತದೆ. ಮುಂಭಾಗಕ್ಕೆ ಅದೇ ಬಟ್ಟೆಯ ಚೂರುಗಳಿಂದ ಕಟ್ಟಿದ ಪುಟ್ಟ ಗುಂಡಿಗಳನ್ನು ಮುಕ್ಕಾಲು ಇಂಚಿಗೊಂದರಂತೆ ಇಡಿಸಿ. ಕಾಜಾ ಮಾತ್ರ ಯಂತ್ರದ್ದು ಬೇಡ. ಮಂಡ್ಯದಲ್ಲಿ ಕೈಕಾಜಾ ಹಾಕುವ ಹಿರಿಯರು ಈಗಲೂ ಸಿಗುತ್ತಾರೆ. ಟೈಲರ್ ಅಂಗಡಿಗಳಲ್ಲಿ ವಿಚಾರಿಸಿ, ಕೇಳಿದ ಕೂಲಿ ಕೊಟ್ಟು ಮಾಡಿಸಿ, ಅಂಗಿಗೆ ಉಳಿಸಿದ ಹಣ ಅಲ್ಲಿ ಖರ್ಚಾಗಲಿ.

ಚಡ್ಡಿಗೆ ಎಲಾಸ್ಟಿಕ್ ಹಾಕಿಸದೆ, ಸೊಂಟದ ಪಟ್ಟಿಯಲ್ಲಿ ಜೋಡಿ ತೂತುಗಳನ್ನು ಹೊಲಿಸಿ, ಜರ್ಕಿನ್ನಿನ ಒಳ ಅಂಚಿಗೆ ಲಾಡಿಯಿಂದ ಕಟ್ಟಿಕೊಳ್ಳಿ. ಆ ಕಾಲದ ಗಂಡಸರು ಚಡ್ಡಿಯನ್ನು ಹೀಗೆಯೇ ಮೇಲಂಗಿಗೆ ಕಟ್ಟುತ್ತಿದ್ದರು, ಬೆಲ್ಟು ಖಡ್ಗಕ್ಕೋ ಚೀಲಕ್ಕೋ ಇತ್ತು. ಕಾಲುಚೀಲ ಹೆಣೆಯುವ ಯಂತ್ರವನ್ನು ವಿಲಿಯಂ ಲೀ ಕಂಡುಹಿಡಿದದ್ದು 1589ರಲ್ಲಿ. ಅದಕ್ಕೆ ಮುಂಚೆ ಕೈಹೆಣಿಗೆಯದು, ಇಲ್ಲವೇ ಬಟ್ಟೆಯನ್ನು ಕ್ರಾಸಾಗಿ ಕತ್ತರಿಸಿ ಹೊಲಿದದ್ದು. ನೀವು ಮೊಣಕಾಲು ಮುಚ್ಚುವ ಒಂದೇ ಬಣ್ಣದ ದಪ್ಪ ಹತ್ತಿಯ ಕಾಲುಚೀಲ ಕೊಂಡರೆ ಸಾಕು. ಟೋಪಿಯನ್ನು ಮರೆಯಬೇಡಿ. 1571ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಕುಲೀನರನ್ನು ಬಿಟ್ಟು, ಆರು ವರ್ಷ ದಾಟಿದ ಎಲ್ಲರೂ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ದೇಶದಲ್ಲೇ ಹೆಣೆದ ಉಣ್ಣೆಯ ಟೋಪಿ ಧರಿಸಬೇಕೆಂದು ಕಾನೂನು ಮಾಡಿತ್ತು. ಟೋಪಿ ಹೆಣೆಯುವವರ ಹೊಟ್ಟೆಪಾಡು ಉಳಿಸುವುದು ಅದರ ಉದ್ದೇಶ. ಹೆಣಿಗೆ ಬಲ್ಲ ಅಕ್ಕನೋ ಅತ್ತಿಗೆಯೋ ಇದ್ದರೆ ಚಪ್ಪಟೆ ಟೋಪಿಯೊಂದನ್ನು ಸಡಿಲವಾಗಿ ಹೆಣೆದುಕೊಡಲಿ. ಅದನ್ನು ಬಿಸಿನೀರು ಸಾಬೂನಿನಲ್ಲಿ ತಿಕ್ಕಿ ತಿಕ್ಕಿ ಒಗೆದರೆ ಉಣ್ಣೆ ಕುಗ್ಗಿ ಕಂಬಳಿಯಂತೆ ಬಿಗಿಯಾಗುತ್ತದೆ.

ಪ್ರಶ್ನೆ: ಚಿತ್ರಗಳಲ್ಲಿ ಕುತ್ತಿಗೆಯ ಸುತ್ತ ತಟ್ಟೆಯಂತೆ ನಿಲ್ಲುವ ಬಿಳಿಯ ನೆರಿಗೆ ಕಾಣುತ್ತದಲ್ಲ, ಅದನ್ನು ಹೇಗೆ ನಿಲ್ಲಿಸುತ್ತಿದ್ದರು? ನಾನು ಎರಡು ಸಲ ಮಾಡಿದೆ, ಎರಡು ಸಲವೂ ಬಾಡಿದ ಹೂವಿನಂತೆ ಬಿದ್ದುಹೋಯಿತು.
– ಓದುಗರು, ಸರಸ್ವತೀಪುರಂ, ಮೈಸೂರು

ಉತ್ತರ: ಅದನ್ನು ನಿಲ್ಲಿಸುತ್ತಿದ್ದದ್ದು ಗಂಜಿ. ನಮ್ಮ ಮನೆಗಳಲ್ಲಿ ಹತ್ತಿ ಸೀರೆಗೆ ಹಾಕುತ್ತೇವಲ್ಲ, ಅದೇ. ‘ರಫ್’ ಎನ್ನುವ ಆ ನೆರಿಗೆಪಟ್ಟಿ ದೊಡ್ಡದಾಗುತ್ತ ಹೋದದ್ದು ಇಂಗ್ಲೆಂಡಿನವರಿಗೆ ಗಂಜಿಯ ವಿದ್ಯೆ ಸಿಕ್ಕಿದ ಮೇಲೆ. 1564ರಲ್ಲಿ ಡಿಂಗೆನ್ ವಾನ್ ಡರ್ ಪ್ಲಾಸ್ ಎಂಬ ಫ್ಲಾಂಡರ್ಸ್‌ನ ಹೆಂಗಸು ಲಂಡನ್ನಿಗೆ ಬಂದು ಅದನ್ನು ಹೇಳಿಕೊಡತೊಡಗಿದಳು. ಗಂಜಿ ಹಾಕುವ ಪಾಠಕ್ಕೆ ನಾಲ್ಕೈದು ಪೌಂಡ್, ಗಂಜಿ ಕಾಯಿಸುವುದನ್ನು ಕಲಿಸಲು ಬೇರೆಯಾಗಿ 20 ಷಿಲಿಂಗ್ ತೆಗೆದುಕೊಳ್ಳುತ್ತಿದ್ದಳು. ನಮ್ಮ ಅಜ್ಜಿಯರು ಬಿಟ್ಟಿಯಾಗಿ ಹೇಳಿಕೊಟ್ಟ ವಿದ್ಯೆಗೆ ಅಲ್ಲಿ ಅಷ್ಟು ಬೆಲೆಯಿತ್ತು ಎಂಬುದನ್ನು ಓದಿದಾಗ ನನಗೆ ಬಹಳ ಸಂತೋಷವಾಗಿತ್ತು.

ನಿಮ್ಮ ಪಟ್ಟಿ ಬಿದ್ದುಹೋಗಲು ಎರಡು ಕಾರಣಗಳಿರಬಹುದು. ಬಟ್ಟೆಯ ಉದ್ದ ಸಾಲದೆ ನೆರಿಗೆಗಳು ಒಂದಕ್ಕೊಂದು ಆನಿಕೊಂಡಿರಲಾರವು. 15 ಇಂಚಿನ ಕತ್ತಿಗೆ ಕನಿಷ್ಠ 4 ಮೀಟರ್ ಉದ್ದದ, ಮೂರೂವರೆ ಇಂಚು ಅಗಲದ ತೆಳು ಪಟ್ಟಿ ಬೇಕು. ಎರಡನೆಯದು, ಗಂಜಿ ತೆಳುವಾಗಿರಬಹುದು. ಸೀರೆಯ ಗಂಜಿ ಇದಕ್ಕೆ ಸಾಲದು. ಸಬ್ಬಕ್ಕಿಯನ್ನು ನೆನೆಸಿ, ಪಾರದರ್ಶಕವಾಗುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ. ಸೌಟಿನಿಂದ ಎತ್ತಿ ಸುರಿದರೆ ನೂಲಿನಂತೆ ಇಳಿಯುವ ಹದ ಬರಬೇಕು.

ಪಟ್ಟಿಯ ಹೊರ ಅಂಚನ್ನು ಸಣ್ಣಗೆ ಸುರುಳಿ ಹೊಲಿದು, ಒಳ ಅಂಚಿನಲ್ಲಿ ಸಮಾನ ಅಂತರದ ಎರಡು ಸಾಲು ಓಡುಹೊಲಿಗೆ ಹಾಕಿ ಎಳೆದು, ಪ್ರತಿ ನೆರಿಗೆಯ ಮೂತಿಯನ್ನೂ ಕತ್ತಿನ ಪಟ್ಟಿಗೆ ಒಂದೊಂದಾಗಿ ಹೊಲಿಯಿರಿ. ಆಮೇಲೆ ಗಂಜಿಯಲ್ಲಿ ಅದ್ದಿ, ಹಿಂಡದೆ ಒತ್ತಿ ತೆಗೆದು, ಅರ್ಧ ಒಣಗುವವರೆಗೆ ನೆರಳಿನಲ್ಲಿ ಹರಡಿ. ಅವರು ಈ ಹಂತದಲ್ಲಿ ಕಾಯಿಸಿದ ಲೋಹದ ಕಡ್ಡಿಯನ್ನು ಪ್ರತಿ ನೆರಿಗೆಯೊಳಗೆ ತೂರಿಸಿ ದುಂಡಗೆ ಕೂರಿಸುತ್ತಿದ್ದರು. ನೀವು ಕೂದಲು ಗುಂಗುರು ಮಾಡುವ ಕರ್ಲಿಂಗ್ ರಾಡಿಗೆ ಹಳೆಯ ಮಲ್ ಬಟ್ಟೆ ಸುತ್ತಿ ಬಳಸಿ. ಒಂದು ನೆರಿಗೆ ಮೇಲಿನಿಂದ, ಮುಂದಿನದು ಕೆಳಗಿನಿಂದ, ಹೀಗೆ ಹೋಗುತ್ತಿದ್ದರೆ ಅಂಚು ಇಂಗ್ಲಿಷಿನ ಎಂಟರ ಅಂಕಿಯಂತೆ ತಿರುಗುತ್ತ ಬರುತ್ತದೆ. ಎರಡು ನೆರಿಗೆ ಮುಟ್ಟುವ ಕಡೆ ಗುಂಡುಸೂಜಿ ಚುಚ್ಚಿಟ್ಟು, ರಾತ್ರಿಯೆಲ್ಲ ಒಣಗಲು ಬಿಟ್ಟು, ಬೆಳಿಗ್ಗೆ ತೆಗೆಯಿರಿ. ಮಳೆ ಅಥವಾ ಇಬ್ಬನಿ ಸೋಕಿದರೆ ಎಷ್ಟು ಗಟ್ಟಿ ಗಂಜಿಯೂ ನಿಲ್ಲದು. ಆದ್ದರಿಂದ ಇದನ್ನು ಕುಪ್ಪಸಕ್ಕೆ ಹೊಲಿಯದೆ ಬೇರೆಯಾಗಿಯೇ ಇಟ್ಟು, ಮುಂದೆ ಲಾಡಿಯಿಂದ ಕಟ್ಟಿಕೊಳ್ಳಿ. ಊರಿಗೆ ಒಯ್ಯುವುದಾದರೆ ಗಂಜಿ ಹಾಕದೆ ಮಡಿಚಿ ಒಯ್ದು, ತೊಡುವ ಹಿಂದಿನ ದಿನ ಅಲ್ಲಿಯೇ ಹಾಕಿ.